ಗಂಟಿಲ್ಲದ ಮುದ್ದೆ

ಸೊಸೆ ತೊಳೆದಿಟ್ಟ ಪಾತ್ರೆಯನ್ನು ಲತಾಮಣಿ ಮತ್ತೊಂದು ಸಲ ತೊಳೆಯುವುದು ಆ ಮನೆಯಲ್ಲಿ ಬೆಳಗಿನ ಕಾಫಿಯಷ್ಟೇ ಮಾಮೂಲು. ಸೊಸೆ ಅತ್ತಿತ್ತ ಹೋದ ಮೇಲೆ ತೊಳೆಯುತ್ತಿದ್ದಳು, ಅಷ್ಟು ಮರ್ಯಾದೆ ಇಟ್ಟುಕೊಂಡಿದ್ದಳು. ಅವತ್ತು ಭಾನುಪ್ರಿಯ ಇನ್ನೂ ಒಗೆಯುವ ಕಲ್ಲಿನ ಪಕ್ಕದಲ್ಲೇ ಕೂತಿದ್ದಳು, ಮೊಣಕೈವರೆಗೆ ನೊರೆ. ಲತಾಮಣಿ ಬುಟ್ಟಿಯಿಂದ ಒಂದು ಲೋಟ ಎತ್ತಿ, ಬಿಸಿಲಿಗೆ ಹಿಡಿದು, ಒಳಗೊಂದು ಬೆರಳಾಡಿಸಿ, ಸೊಸೆಯ ಮಗ್ಗುಲಲ್ಲೇ ಕೂತು ಅದನ್ನು ಉಜ್ಜತೊಡಗಿದಳು.

"ಏನಾಗೈತೆ ಅತ್ತೆ ಅದಕ್ಕೆ?"

"ಏನಿಲ್ಲ ಕಣವ್ವ. ಒಸಿ ಜಿಡ್ಡು."

"ಎಲ್ಲಿ? ತೋರ್ಸಿ."

ಲತಾಮಣಿ ತೋರಿಸಲು ಹೋದಳು. ಜಿಡ್ಡು ಇರಲಿಲ್ಲ. "ಈಗ ಹೋಯ್ತು," ಎಂದಳು.

ಭಾನುಪ್ರಿಯ ಕೈ ತೊಳೆದುಕೊಂಡು ಎದ್ದು ಹೋದಳು. ಮಿಕ್ಕ ಪಾತ್ರೆಗಳನ್ನು ಲತಾಮಣಿಯೇ ತೊಳೆದಳು. ನಿಜ ಹೇಳಬೇಕೆಂದರೆ ಅದರಿಂದ ಅವಳಿಗೆ ಬೇಜಾರಾಗಲಿಲ್ಲ, ನೆಮ್ಮದಿಯೇ ಆಯಿತು.

ಕೆಂಗಲ್ ಹತ್ತಿರ ಮೈಸೂರು ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಸಿಗುವ ಆ ಊರಿನಲ್ಲಿ ಬೋರಲಿಂಗಯ್ಯನ ಮನೆಗೆ ಎರಡು ಹೆಸರಿದ್ದವು. ಒಂದು, ರೇಷ್ಮೆ ಬೆಳೆ ಕೈಕೊಡದ ಮನೆ. ಇನ್ನೊಂದು, ಗಂಟಿಲ್ಲದ ಮುದ್ದೆಯ ಮನೆ. ಎರಡೂ ಅವನ ಹೆಂಡತಿ ಲತಾಮಣಿಯ ಸಂಪಾದನೆ. ಹುಳ ಸಾಕುವ ಕಟ್ಟಡದ ಬಾಗಿಲಲ್ಲಿ ಬ್ಲೀಚಿಂಗ್ ಪುಡಿ, ಕಾಲು ಅದ್ದಿ ಒಳಗೆ ಹೋಗಲು ಔಷಧಿ ನೀರು, ಕೈ ತೊಳೆಯಲು ಬೇರೆ ಸೋಪು. ಅದು ಸರಿಯೇ. ಹುಳಕ್ಕೆ ರೋಗ ತಗುಲಿದರೆ ಬೆಳೆಗೆ ಬೆಳೆಯೇ ಹೋಗುತ್ತದೆ. ಆದರೆ ಹುಳುಮನೆ ಎಲ್ಲಿ ಮುಗಿಯುತ್ತದೆ, ವಾಸದ ಮನೆ ಎಲ್ಲಿ ಶುರುವಾಗುತ್ತದೆ ಎಂಬುದು ಲತಾಮಣಿಗೆ ಎಂದೋ ಮರೆತುಹೋಗಿತ್ತು. ಮಗ ಅಶ್ವಥ್ ಮಡಿಸಿದ ಪಂಚೆಯನ್ನು ಬಿಚ್ಚಿ ಮಡಿಸುವಳು. ಗಂಡ ಗುಡಿಸಿದ ಅಂಗಳವನ್ನು ಗುಡಿಸುವಳು. ಒಂದನೇ ಕ್ಲಾಸಿನ ಮೊಮ್ಮಗಳು ಸಿರಿಗೆ ಅವಳಮ್ಮ ಹಾಕಿದ ಜಡೆಯನ್ನು, ಸ್ಕೂಲ್ ವ್ಯಾನು ಹಾರನ್ ಹೊಡೆಯುತ್ತಿದ್ದರೂ, ಬಿಚ್ಚಿ ಮತ್ತೆ ಹೆಣೆಯುವಳು. ಮುದ್ದೆ ತಿರುವುವ ಕೋಲನ್ನಂತೂ ಬೇರೆಯವರು ಮುಟ್ಟುವಂತೆಯೇ ಇರಲಿಲ್ಲ.

ಭಾನುವಾರ ಅಶ್ವಥ್ ಚನ್ನಪಟ್ಟಣದಿಂದ ಬರುವಾಗ ಬೈಕಿನ ಹಿಂದೆ ಒಂದು ರಟ್ಟಿನ ಡಬ್ಬ ಕಟ್ಟಿಕೊಂಡು ಬಂದ.

"ಏನ್ಲಾ ಅದು?" ಎಂದ ಬೋರಲಿಂಗಯ್ಯ.

"ಗ್ಯಾಸ್ ಸ್ಟೌ ಕಣಪ್ಪ."

"ಮನೇಲಿ ಐತಲ್ಲ."

ಅಶ್ವಥ್ ಡಬ್ಬವನ್ನು ಜಗಲಿಯ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೇಳಿದ. "ಈ ಬೆಳೆ ಮುಗೀಲಿ. ಆಮೇಲೆ ಮುಂದ್ಗಡೆ ರೂಮಲ್ಲಿ ನಾವು ಬೇರೆ ಬೇಯಿಸ್ಕೊತೀವಿ. ಜಗಳ ಏನಿಲ್ಲ. ತೋಟ ಒಂದೇ, ಹುಳ ಒಂದೇ. ಒಲೆ ಮಾತ್ರ ಬೇರೆ."

ಜಗಲಿಯ ಮೂಲೆಯ ಮಂಚದಿಂದ ಬೋರಲಿಂಗಯ್ಯನ ತಾಯಿ ಮುನಿಯಮ್ಮ ಕತ್ತೆತ್ತಿದಳು. ಹಲ್ಲಿಲ್ಲದಿದ್ದರೂ ಮುದುಕಿಯ ಮಾತಿಗೆ ಮೊನೆಯಿತ್ತು. "ಒಲೆ ಬೇರೆ ಆದ್ಮೇಲೆ ಇನ್ನೇನ್ಲಾ ಉಳೀತು ಒಂದಾಗಿರಕ್ಕೆ? ಚಾವಣಿನಾ?"

"ನೀನು ಎರಡು ಕಡೇನೂ ಉಣ್ಣಜ್ಜಿ."

"ಅದೇನೋ ಉಣ್ತೀನಿ, ಅದಕ್ಕೇನು."

ಲತಾಮಣಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಿದ್ದಳು. "ನಾನೇನು ಮಾಡ್ದೆ ಅಂತ ಭಾನು? ಯಾವತ್ತಾದ್ರೂ ಒಂದು ಬೈದಿದ್ದೀನಾ? ಕೈ ಎತ್ತಿದ್ದೀನಾ?"

"ಬೈದಿಲ್ಲ ಅತ್ತೆ," ಎಂದಳು ಭಾನುಪ್ರಿಯ. ಅವಳು ಮಾಗಡಿ ಕಡೆಯವಳು, ಸೋಲೂರಿನವಳು. ಕೋಪ ಬಂದಾಗ ದನಿ ಏರುವುದಿಲ್ಲ, ಇಳಿಯುತ್ತದೆ. "ನಾನು ಮಾಡಿದ್ದನ್ನೆಲ್ಲ ನೀವು ಇನ್ನೊಂದ್ಸಲ ಮಾಡ್ತೀರಾ. ಬೆಳಿಗ್ಗೆಯಿಂದ ಸಂಜೆಗಂಟ ದುಡಿದ್ರೂ ಈ ಮನೇಲಿ ನಾನು ಮಾಡಿದ್ದು ಅಂತ ಒಂದು ಕೆಲ್ಸ ಉಳಿಯಲ್ಲ. ನಾನು ಇದ್ದೀನೋ ಇಲ್ವೋ ನಂಗೇ ಗೊತ್ತಾಗ್ತಿಲ್ಲ."

ಡಬ್ಬ ಅಟ್ಟಕ್ಕೆ ಹೋಯಿತು. ಅಶ್ವಥ್ ಅದನ್ನು ಸೊಟ್ಟಗೆ ಇಟ್ಟಿದ್ದ. ಅವನು ಏಣಿ ಇಳಿದು ಹೋದ ಮೇಲೆ ಲತಾಮಣಿ ಹತ್ತಿ ಅದನ್ನು ನೆಟ್ಟಗೆ ಮಾಡಿ ಬಂದಳು.

ಆ ವಾರವೇ, ಮರಿ ಸಾಕಿ ಮಾರುವ ಕೇಂದ್ರದಿಂದ ಚಾಕಿ ಹುಳ ಬಂದವು. ನೂಲಿನೆಳೆಯಂಥ ಮರಿಗಳು. ಬೆಳಗಾಗುತ್ತಲೇ ಬೋರಲಿಂಗಯ್ಯ, ಅಶ್ವಥ್ ಇಬ್ಬರೂ ಹಿಪ್ಪುನೇರಳೆ ತೋಟಕ್ಕೆ ಹೋಗಿ ಸೊಪ್ಪು ಕೊಯ್ದು ತರುವುದು, ಹೆಂಗಸರು ಹರಡುವುದು. ಭಾನುಪ್ರಿಯ ಹರಡಿದ ತಟ್ಟೆಯ ಮೇಲೆ ಲತಾಮಣಿಯ ಕೈ ಒಂದು ಸುತ್ತು ಓಡಾಡಿ ಬರುತ್ತಿತ್ತು. ಭಾನುಪ್ರಿಯ ಈಗ ಮಾತಾಡುತ್ತಿರಲಿಲ್ಲ. ಬೆಳೆ ಮುಗಿಯಲಿ ಎಂದು ಕಾಯುವವಳ ಹಾಗೆ, ತನ್ನ ಪಾಡಿಗೆ ಮುಂದಿನ ತಟ್ಟೆಗೆ ಹೋಗುತ್ತಿದ್ದಳು. ಅದು ಲತಾಮಣಿಗೆ ಜಗಳಕ್ಕಿಂತ ಹೆಚ್ಚು ಚುಚ್ಚಿತು.

ಚರ್ಮ ಕಳಚುವ ಮುಂಚೆ ಹುಳ ಮೇವು ಬಿಟ್ಟು, ತಲೆಯೆತ್ತಿ ಅಲುಗದೆ ಕೂರುತ್ತದೆ. ಊರವರು ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಸುಣ್ಣದ ಪುಡಿ ಉದುರಿಸಿ, ಬಾಗಿಲು ಎಳೆದುಕೊಂಡು ಬಂದುಬಿಡಬೇಕು. ಮೂರನೇ ಜ್ವರದ ದಿನ ಮನೆಯವರಿಗೆಲ್ಲ ಬಿಡುವು. ಬೋರಲಿಂಗಯ್ಯ ಜಗಲಿಯಲ್ಲಿ ಕಾಲು ಚಾಚಿದ. ಲತಾಮಣಿ ಮಾತ್ರ ಅಡುಗೆಮನೆಯ ಡಬ್ಬಗಳನ್ನೆಲ್ಲ ಅಂಗಳಕ್ಕೆ ಇಳಿಸಿ ಹರವಿಕೊಂಡು, "ಭಾನು, ಈ ಬೇಳೆ ಡಬ್ಬದ ಅಂಚು ನೋಡು, ಅಶ್ವಥ, ಆ ಅಟ್ಟ ಒರಸು," ಎನ್ನತೊಡಗಿದಳು.

"ಅಲ್ಲ ಕಣೇ," ಎಂದ ಬೋರಲಿಂಗಯ್ಯ, "ಹುಳ ಜ್ವರಕ್ಕೆ ಕುಂತ್ರೆ ನೀನು ಅದರ ತಂಟೆಗೆ ಹೋಗಕಿಲ್ಲ, ಬಾಗ್ಲು ಹಾಕ್ಕೊಂಡು ಬತ್ತೀಯ. ಮನೆ ಮಕ್ಳು ಒಂದಿನ ಕುಂತ್ರೆ ನಿನ್ನ ಕಣ್ಣಿಗೆ ಆಗಕಿಲ್ವಲ್ಲ."

"ನೀವು ದಿನಾ ಜ್ವರಕ್ಕೆ ಕುಂತಂಗೇ ಕುಂತಿರ್ತೀರ. ನಿಮಗೇನು ಗೊತ್ತು?"

ಸಿರಿ ಕಿಸಕ್ಕೆಂದಳು. ಅಟ್ಟದ ಮೇಲಿದ್ದ ಅಶ್ವಥನಿಗೂ ನಗು ತಡೆಯಲಾಗಲಿಲ್ಲ.

ನಾಲ್ಕನೇ ಜ್ವರ ಕಳೆದು ಹುಳ ದೊಡ್ಡ ಮೇವಿಗೆ ಎದ್ದವು. ಇನ್ನೊಂದು ವಾರ ಹಗಲೆಲ್ಲ ಮಳೆ ಸುರಿದಂತೆ ಸೊಪ್ಪು ತಿನ್ನುವ ಸದ್ದು. ಸರಿಯಾಗಿ ಆ ಬೆಳಿಗ್ಗೆ ಲತಾಮಣಿ ಹಾಸಿಗೆ ಬಿಟ್ಟು ಏಳಲಿಲ್ಲ. ಮೈ ಕೆಂಡ; ಮಣಿಕಟ್ಟು, ಬೆರಳ ಕೀಲುಗಳೆಲ್ಲ ಬಾತು, ಮುಷ್ಟಿ ಮುಚ್ಚಲಾಗದು. ಚನ್ನಪಟ್ಟಣದ ಡಾಕ್ಟರು ಸೊಳ್ಳೆ ಕಚ್ಚಿ ಬಂದದ್ದು ಎಂದರು. "ಜ್ವರ ನಾಕು ದಿನಕ್ಕೆ ಇಳಿಯುತ್ತೆ. ಕೀಲು ನೋವು ಮಾತ್ರ ನಿಧಾನಕ್ಕೆ ಹೋಗೋದು. ಕೈಗೆ ಕೆಲಸ ಕೊಡಬೇಡಿ."

"ಅದನ್ನ ಒಸಿ ಬರ್ದು ಕೊಡಿ ಸಾರ್, ನಾವು ಹೇಳಿದ್ರೆ ಕೇಳಕಿಲ್ಲ," ಎಂದ ಬೋರಲಿಂಗಯ್ಯ.

ಲತಾಮಣಿ ಅತ್ತೆಯ ಮಂಚದ ಪಕ್ಕದಲ್ಲಿ ಚಾಪೆ ಹಾಕಿಸಿಕೊಂಡಳು. ಅಲ್ಲಿಂದ ಅಡುಗೆಮನೆಯ ಅರ್ಧ ಕಾಣುತ್ತಿತ್ತು, ಮಿಕ್ಕರ್ಧ ಕೇಳಿಸುತ್ತಿತ್ತು.

"ಭಾನು, ನೀರು ಕುದೀತಾ? ಸದ್ದು ಇನ್ನೂ ಬಂದಿಲ್ಲ."

"ಕುದೀತೈತೆ ಅತ್ತೆ."

"ಹಿಟ್ಟು ಸುರಿದ ತಕ್ಷಣ ಕೋಲು ಹಾಕಬೇಡ. ನಡುವೆ ನಿಲ್ಲಿಸಿ ಒಸಿ ಬೇಯಕ್ಕೆ ಬುಡು. ಉರಿ ಸಣ್ಣ ಮಾಡ್ದಾ? ಪಾತ್ರೆ ಇಳಿಸಿ ಕಾಲಲ್ಲಿ ಒತ್ತಿ ಹಿಡ್ಕೋ. ಗೋಡೆ ಕಡೆಯಿಂದ ತಿರುವು..."

ಕೋಲಿನ ಸದ್ದು ನಿಂತಿತು. ಭಾನುಪ್ರಿಯ ಬಾಗಿಲಿಗೆ ಬಂದಳು, ಮುಖದ ತುಂಬ ಆವಿ. "ಅತ್ತೆ, ನೀವು ಹೇಳ್ತಿದ್ರೆ ನಾನು ಕೇಳಿಸ್ಕೊಬೇಕು, ಕೇಳಿಸ್ಕೊಂಡ್ರೆ ಕೈ ನಿಲ್ಲುತ್ತೆ, ಕೈ ನಿಂತ್ರೆ ಗಂಟಾಗುತ್ತೆ. ಈಗ ನಿಂತೈತೆ ನೋಡಿ."

ಗಂಟಾಯಿತು. ಮಧ್ಯಾಹ್ನ ತಟ್ಟೆಗೆ ಬಂದ ಮುದ್ದೆಯನ್ನು ಲತಾಮಣಿ ಬಾತ ಬೆರಳಲ್ಲಿ ಮುರಿದಳು. ಒಳಗೆ ಒಣಹಿಟ್ಟಿನ ಬಿಳಿ. ಅವಳು ತಟ್ಟೆಯನ್ನು ಮೆಲ್ಲಗೆ ಆಚೆ ಸರಿಸಿ, "ಬಾಯಿ ಕಹಿ, ಸೇರಕಿಲ್ಲ," ಎಂದಳು.

ಭಾನುಪ್ರಿಯ ತಟ್ಟೆ ನೋಡಿದಳು, ಅತ್ತೆಯ ಮುಖ ನೋಡಿದಳು, ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

"ಜ್ವರದ ಬಾಯಲ್ಲ ಅದು," ಎಂದಳು ಮುನಿಯಮ್ಮ, ತನ್ನ ಮುದ್ದೆಯನ್ನು ಉಪ್ಸಾರಿನಲ್ಲಿ ಅದ್ದಿ ನುಂಗುತ್ತಾ. "ಪಾಪದ ಹುಡುಗಿ. ಒಂದು ಗಂಟಿಗೆ ಇಷ್ಟು ಸೊಕ್ಕೇನೇ ನಿಂಗೆ?"

ಲತಾಮಣಿ ಗೋಡೆಯ ಕಡೆ ಹೊರಳಿದ್ದವಳು ಎದ್ದು ಕೂತಳು. "ನೀವು ಹೇಳ್ತೀರ ಅತ್ತೆ? ನಾನು ಈ ಮನೇಲಿ ಮಾಡಿದ ಮೊದಲನೇ ಮುದ್ದೆ ಏನ್ಮಾಡಿದ್ರಿ ನೀವು? ನಮ್ಮಪ್ಪ, ನಮ್ಮ ಮಾವ ಎಲ್ಲಾ ಎಲೆ ಮುಂದೆ ಕುಂತಿದ್ರು. ಮುರಿದು ನೋಡಿ, ಗಂಟೈತೆ ಅಂತ, ಎಲ್ಲರ ಮುಂದೆ ತಗೊಂಡೋಗಿ ಕಲಗಚ್ಚಿನ ಬಾನಿಗೆ ಹಾಕಿದ್ರಿ."

ಮುನಿಯಮ್ಮ ನುಂಗುವುದನ್ನು ನಿಲ್ಲಿಸಿದಳು. "ನಾನಾ?"

"ಇನ್ಯಾರು?"

"ಹಾಕಿದ್ನಾ?" ಮುದುಕಿ ಉಪ್ಸಾರಿನ ಬೆರಳು ನೆಕ್ಕಿದಳು. "ಎಮ್ಮೆ ತಿಂತಾ?"

"ತಿಂತು."

"ಮತ್ತೆ ಚೆನ್ನಾಗೇ ಇತ್ತು ಬುಡು."

ಲತಾಮಣಿಗೆ ಅಳು ಬಂದಿತ್ತು, ಅದರ ನಡುವೆ ನಗುವೂ ನುಗ್ಗಿ ಕೆಮ್ಮಾಯಿತು. ಅಡುಗೆಮನೆಯಲ್ಲಿ ಭಾನುಪ್ರಿಯಳ ಪಾತ್ರೆಯ ಸದ್ದು ನಿಂತಿತ್ತು. ಅವಳು ಕೇಳಿಸಿಕೊಂಡಿದ್ದಳು. ಸಾಯಂಕಾಲ ಕೇಳದೆಯೇ ಅತ್ತೆಗೆ ಮೆಣಸಿನ ಸಾರು ಮಾಡಿ, ಅನ್ನ ಕಲಸಿ, ಕೈಗೆ ಚಮಚ ಕೊಟ್ಟಳು.

ಆ ವಾರವೆಲ್ಲ ಲತಾಮಣಿ ಮಲಗಿದಲ್ಲಿಂದಲೇ ಮನೆ ನಡೆಯುವುದನ್ನು ಕಂಡಳು. ಪಂಚೆಗಳು ಅಂಕುಡೊಂಕಾಗಿ ಮಡಿಕೆಯಾದವು. ಅಂಗಳದ ಮೂಲೆಯಲ್ಲಿ ಒಂದಿಷ್ಟು ಹೊಂಗೆ ಎಲೆ ಅಲ್ಲೇ ಉಳಿದವು. ಸಿರಿ ತನ್ನಮ್ಮನ ಜಡೆಯಲ್ಲೇ ವ್ಯಾನು ಹತ್ತಿದಳು. ಹೊತ್ತಿಗೆ ಮುಂಚೆ ಹತ್ತಿದ್ದರಿಂದ ಕಿಟಕಿಯ ಸೀಟು ಸಿಗುತ್ತಿದೆ ಎಂದು ಅಜ್ಜಿಗೆ ಬಂದು ವರದಿಯನ್ನೂ ಕೊಟ್ಟಳು.

ಹುಳ ಹಣ್ಣಾದದ್ದು ಒಂದು ಬೆಳಿಗ್ಗೆ, ಒಟ್ಟೊಟ್ಟಿಗೆ. ಮೈಯೊಳಗೆ ರೇಷ್ಮೆ ತುಂಬಿ ದ್ರಾಕ್ಷಿಯಂತೆ ಹೊಳೆಯುವ ಹುಳ, ಮೇವು ಬಿಟ್ಟು ತಲೆಯಾಡಿಸುತ್ತಾ ಗೂಡು ಕಟ್ಟಲು ಜಾಗ ಹುಡುಕುತ್ತದೆ. ತಡ ಮಾಡದೆ ಆರಿಸಿ, ಚಂದ್ರಿಕೆ ಎನ್ನುವ ಬಿದಿರು ತಟ್ಟಿಗಳ ಸುರುಳಿಯಲ್ಲಿ ಬಿಡಬೇಕು. ಅದು ನಾಕು ಕೈಯ ಕೆಲಸವಲ್ಲ. ಊರಲ್ಲಿ ಅದಕ್ಕೆ ಮುಯ್ಯಾಳಿನ ಪದ್ಧತಿ: ಇವತ್ತು ನಮ್ಮ ಮನೆಗೆ ನೀವು, ನಾಳೆ ನಿಮ್ಮ ಮನೆಗೆ ನಾವು. ಆದರೆ ಲತಾಮಣಿಯ ಮನೆಗೆ ಮುಯ್ಯಾಳು ಬರುವುದು ನಿಂತು ಎಷ್ಟೋ ಬೆಳೆಯಾಗಿತ್ತು. ಕೂಲಿ ಕೊಟ್ಟು ಕರೆಸುತ್ತಿದ್ದರು, ಅವರೂ ಗೊಣಗುತ್ತಿದ್ದರು. ಈಗ ತನ್ನ ಕೈಯೂ ಇಲ್ಲ. ಹೊತ್ತು ಮೀರಿದರೆ ಹುಳ ಸೊಪ್ಪಿನಲ್ಲೇ ನೂಲು ಬಿಟ್ಟು ಬೆಳೆ ಹಾಳು.

ಅಷ್ಟರಲ್ಲಿ ಗೇಟಿನ ಹತ್ತಿರ ಮಾತು ಕೇಳಿಸಿತು. ದೊಡ್ಡಹನುಮಯ್ಯನ ಹೆಂಡತಿ ಕೆಂಪಮ್ಮ, ಅವಳ ಹಿಂದೆ ನಾಲ್ಕೈದು ಹೆಂಗಸರು.

"ನಿಮ್ಮತ್ತೆ ಎದ್ದು ಓಡಾಡ್ಕೊಂಡಿದ್ದಿದ್ರೆ ಈ ಬಾಗ್ಲು ತುಳೀತಿರ್ಲಿಲ್ಲ ಕಣೇ ಭಾನು," ಕೆಂಪಮ್ಮನ ದನಿ ಪಿಸುಮಾತಿನಲ್ಲೂ ಅರ್ಧ ಬೀದಿಗೆ ಕೇಳುವಂಥದ್ದು. "ಆವತ್ತು ನಾನು ಬುಟ್ಟ ಹುಳಾನೆಲ್ಲ ನನ್ನ ಮುಂದೇನೇ ಎತ್ತಿ ಎತ್ತಿ ಬೇರೆ ಕಡೆ ಬುಟ್ಲು. ನಂಗೇನು ಕೈ ಸೊಟ್ಟಗೈತಾ? ನೀನು ನಮ್ಮನೆ ಬೆಳೆಗೆ ಬಂದು ದುಡಿದ್ಯಲ್ಲ, ಅದಕ್ಕೆ ಬಂದೆ."

"ಅತ್ತೆ ಇಲ್ಲೇ ಜಗಲೀಲೇ ಅವ್ರೆ ಕೆಂಪಕ್ಕ."

"ಇರ್ಲಿ, ಕೇಳಿಸ್ಕೊಳ್ಲಿ! ಏನ್ ಲತಕ್ಕ, ಹೆಂಗಿದ್ದೀಯ?"

"ಇದ್ದೀನವ್ವ," ಎಂದಳು ಲತಾಮಣಿ. ತನಗೆ ಗೊತ್ತಿಲ್ಲದೆ ಭಾನು ಯಾವಾಗ ಅವರಿವರ ಮನೆಗೆ ಮುಯ್ಯಾಳಿಗೆ ಹೋಗಿ ಬಂದಳು? ತಾನು ಪಾತ್ರೆ ಮತ್ತೆ ತೊಳೆಯುತ್ತಿದ್ದ ಹೊತ್ತಿನಲ್ಲೇ ಇರಬೇಕು.

ಅಶ್ವಥ್ ಅಟ್ಟದಿಂದ ಡಬ್ಬ ಇಳಿಸಿದ. ಇಷ್ಟು ಜನಕ್ಕೆ ಒಳಗಿಂದ ಕಾಫಿ ಹೊತ್ತು ತರುವುದು ಯಾರು ಎಂದು ಹೊಸ ಸ್ಟೌವನ್ನು ಹುಳುಮನೆಯ ಪಕ್ಕದ ಕಲ್ಲಿನ ಮೇಲೇ ಹೂಡಿದರು. ಮಾತು, ನಗು, ಯಾರದೋ ನಾದಿನಿಯ ಪುರಾಣ. ಬಿಸಿಲೇರುವ ಹೊತ್ತಿಗೆ ಹೊಂಗೆ ಮರದ ನೆರಳಿನಲ್ಲಿ ಚಂದ್ರಿಕೆಗಳು ಸಾಲಾಗಿ ಒರಗಿ ನಿಂತವು.

ಎಲ್ಲರೂ ಹಿತ್ತಿಲಲ್ಲಿ ಊಟಕ್ಕೆ ಕೂತಾಗ ಲತಾಮಣಿ ಗೋಡೆ ಹಿಡಿದುಕೊಂಡು ಮೆಲ್ಲಗೆ ಎದ್ದಳು. ಬರೀ ನೋಡಿ ಬರೋಣ ಎಂದೇ ಹೋದದ್ದು. ಮೊದಲ ಎರಡು ಚಂದ್ರಿಕೆಯಲ್ಲಿ ಹುಳ ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ತೆಳ್ಳಗೆ ಕೂತಿದ್ದವು. ಕೆಂಪಮ್ಮನ ಕೈ, ನೋಡಿದರೇ ಗೊತ್ತಾಗುತ್ತದೆ. ಇಷ್ಟೇ ಇಷ್ಟು ಸರಿಸಿದರೆ ಸಾಕು. ಅವಳು ಒಂದು ಹುಳವನ್ನು ಹಿಡಿದೆತ್ತಿದಳು. ಅದು ಆಗಲೇ ಎಂಟರ ಆಕಾರದಲ್ಲಿ ತಲೆಯಾಡಿಸುತ್ತಾ ನೂಲಿನ ಬಲೆ ಹಾಸಿಕೊಂಡಿತ್ತು. ಎಳೆ ಹಿಗ್ಗಿತು, ಕಿತ್ತುಬಂತು. ಗೂಡಿಗೆ ಕೂತ ಹುಳವನ್ನು ಮುಟ್ಟಬಾರದು ಎಂಬುದು ಆ ಊರಿನಲ್ಲಿ ಸಿರಿಗೂ ಗೊತ್ತು. ಲತಾಮಣಿಗೆ ಗೊತ್ತಿರಲಿಲ್ಲವೆ? ಆದರೆ ಆ ಖಾಲಿ ಜಾಗ ಕಣ್ಣಿಗೆ ಒತ್ತುತ್ತಿತ್ತು. ಇನ್ನೊಂದು ಎತ್ತಿದಳು, ಮತ್ತೊಂದು. ಬಾತ ಬೆರಳಿಗೆ ಹಿಡಿತವಿಲ್ಲದೆ ಕೆಲವು ಕೆಳಗೆ ಬಿದ್ದವು. ಎರಡು ಚಂದ್ರಿಕೆ ಮುಗಿದಾಗ ಸಾಲು ಅಚ್ಚುಕಟ್ಟಾಗಿ, ಕಣ್ಣಿಗೆ ತಂಪಾಗಿ ಕಂಡಿತು. ಹಿತ್ತಿಲಲ್ಲಿ ಕೈ ತೊಳೆಯುವ ಸದ್ದಾದಾಗ ಚಾಪೆಗೆ ಬಂದು ಮಲಗಿದಳು.

ಗೂಡು ಬಿಡಿಸುವ ದಿನ ಮನೆಯವರೆಲ್ಲ ಅಂಗಳದಲ್ಲಿ ಕೂತರು. ಲತಾಮಣಿಯ ಕೈ ಈಗ ಸುಮಾರಾಗಿತ್ತು. ಹಳದಿ ಗೂಡುಗಳು ಬೆರಳಿಗೆ ಗಟ್ಟಿಯಾಗಿ ಸಿಕ್ಕವು. ಸಿರಿ ಒಂದೊಂದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಒಳಗೆ ಹುಳ ಟಕಟಕ ಅಂತೈತೆ!" ಎನ್ನುತ್ತಿದ್ದಳು. ಅಲ್ಲೊಂದು ಇಲ್ಲೊಂದು, ಎರಡು ಹುಳ ಸೇರಿ ಕಟ್ಟಿದ ದಪ್ಪ ಗೂಡಿತ್ತು. ಅದು ಎಲ್ಲರ ಬೆಳೆಯಲ್ಲೂ ಇರುತ್ತದೆ.

ಕೊನೆಗೆ ಆ ಎರಡು ಚಂದ್ರಿಕೆ ಬಂದವು. ಬೋರಲಿಂಗಯ್ಯ ಒಂದು ಗೂಡನ್ನು ಒತ್ತಿದ. ಕಾಗದದಂತೆ ಒಳಕ್ಕೆ ಹೋಯಿತು. ಕೆಲವು ಹುಳ ಗೂಡೇ ಕಟ್ಟದೆ ಕಪ್ಪಗಾಗಿದ್ದವು.

"ಇದೇನಿದು? ಮಿಕ್ಕಿದ್ದೆಲ್ಲ ಕಲ್ಲು ಕಲ್ಲಂಗವೆ. ಇವೆರಡಕ್ಕೆ ಏನಾಯ್ತು?"

"ಆ ಮೂಲೇಗೆ ಬಿಸಿಲು ಬಿದ್ದಿತ್ತೇನೋ ಮಾವ," ಎಂದು ಭಾನುಪ್ರಿಯ ಅವನ್ನು ತನ್ನ ಕಡೆಗೆ ಎಳೆದುಕೊಂಡು, ತೆಳುಗೂಡುಗಳನ್ನು ಬೇರೆ ಬುಟ್ಟಿಗೆ ಹಾಕತೊಡಗಿದಳು.

ಲತಾಮಣಿ ಕೈ ನಿಲ್ಲಿಸಿದಳು. ಬೇರೆ ಯಾರಾದರೂ ಇದನ್ನು ಮಾಡಿದ್ದರೆ ತಾನು ಹಬ್ಬದವರೆಗೂ ಆಡಿ ತೋರಿಸುತ್ತಿದ್ದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಬಿಸಿಲಲ್ಲ," ಎಂದಳು. "ನಾನು. ಸರಿ ಮಾಡಕ್ಕೆ ಹೋಗಿದ್ದೆ."

ಬೋರಲಿಂಗಯ್ಯ ಕೈಯಲ್ಲಿದ್ದ ಗೂಡನ್ನು ಬುಟ್ಟಿಗೆ ಹಾಕಿದ.

"ಗೊತ್ತು ಅತ್ತೆ," ಎಂದಳು ಭಾನುಪ್ರಿಯ. "ನೀರು ತರಕ್ಕೆ ಬಂದಾಗ ನೋಡ್ದೆ."

"ನೋಡಿ ಸುಮ್ನಿದ್ಯಾ? ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಕೆಟ್ಟಿದ್ದನ್ನ ಸರಿ ಮಾಡ್ತೀನಿ ಅಂತ ನೀವು ಮತ್ತೆ ಕೈ ಹಾಕ್ತಿದ್ರಿ."

ಅಶ್ವಥ್ ಫಕ್ಕನೆ ನಕ್ಕ. ಲತಾಮಣಿ ಅವನ ಬೆನ್ನಿಗೊಂದು ಕೊಟ್ಟಳು; ಕೊಟ್ಟ ಕೈ ನೋವಾಗಿ ತಾನೇ "ಅಯ್ಯಮ್ಮಾ" ಎಂದಳು.

ಗೂಡು ರಾಮನಗರದ ಮಾರುಕಟ್ಟೆಗೆ ಹೋಗಿ, ಗಂಡಸರು ಒಳ್ಳೆ ರೇಟಿನ ಖುಷಿಯಲ್ಲಿ ಮರಳಿದರು. ಹುಳುಮನೆ ಖಾಲಿ. ಬೆಳೆ ಮುಗಿದಿತ್ತು. ಅಶ್ವಥ್ ಹೊರಗಿದ್ದ ಸ್ಟೌವನ್ನು ಒರೆಸಿ ತಂದು ಜಗಲಿಯಲ್ಲಿಟ್ಟ. "ಭಾನು, ಇದನ್ನ ಮುಂದ್ಗಡೆ ರೂಮಿಗೆ ಇಡ್ಲಾ?"

"ಊಟ ಆಗ್ಲಿ," ಎಂದಳು ಅವಳು.

ಅಡುಗೆಮನೆಯಲ್ಲಿ ನೀರು ಕುದಿಯುತ್ತಿತ್ತು. ಲತಾಮಣಿ ಮುದ್ದೆ ಕೋಲನ್ನು ಮೊಳೆಯಿಂದ ತೆಗೆದು, ಒಂದು ಗಳಿಗೆ ಹಿಡಿದುಕೊಂಡು, ಸೊಸೆಯ ಮುಂದೆ ಚಾಚಿದಳು.

"ನೀನೇ ತಿರುವು. ನನ್ನ ಕೈಲಿ ಇನ್ನೂ ಬಲ ಇಲ್ಲ."

"ಬೆಳಿಗ್ಗೆ ತುಂಬಿದ ಕೊಡ ಎತ್ತಿದ್ಯಲ್ಲೇ," ಎಂದು ಮುನಿಯಮ್ಮ ಹೊರಗಿನಿಂದ ಕೂಗಿದಳು.

"ನೀವು ಸುಮ್ನಿರಿ ಅತ್ತೆ."

ಲತಾಮಣಿ ಹೊರಗೆ ಬಂದು ಗಂಡ, ಮಗ, ಅತ್ತೆ, ಮೊಮ್ಮಗಳ ಸಾಲಿನಲ್ಲಿ ಕೂತಳು. ಮದುವೆಯಾಗಿ ಬಂದಾಗಿನಿಂದ ಎಲ್ಲರಿಗೂ ಬಡಿಸಿ ಕೊನೆಗೆ ಉಂಡವಳು; ಸಾಲಿನಲ್ಲಿ ಕೂತು ಕಾಯುವಾಗ ಕೈ ಎಲ್ಲಿಡಬೇಕೋ ತಿಳಿಯದೆ ಸಿರಿಯ ಜಡೆಗೆ ಹೋಯಿತು. ಸಿರಿ ಜಡೆಯನ್ನು ಮುಂದಕ್ಕೆ ಎಳೆದುಕೊಂಡಳು.

ಮುದ್ದೆ ಬಂತು. ಒಂದು ಪಕ್ಕ ಒಸಿ ಚಪ್ಪಟೆ. ಲತಾಮಣಿ ಮುರಿದಳು. ಎರಡನೇ ತುತ್ತಿನಲ್ಲೇ ಬೆರಳಿಗೆ ತಗುಲಿತು.

ಮುನಿಯಮ್ಮನ ಕಣ್ಣು ಮಂಜಾದರೂ ಅಂಥದ್ದೆಲ್ಲ ಕಾಣುತ್ತಿತ್ತು. "ಗಂಟೈತೇನೇ?"

ಭಾನುಪ್ರಿಯಳ ಕೈಯಲ್ಲಿ ಸಾರಿನ ಸೌಟು ನಿಂತಿತು. ಬೋರಲಿಂಗಯ್ಯ ತಟ್ಟೆಗೆ ಕಣ್ಣು ನೆಟ್ಟ.

"ಐತೆ ಅತ್ತೆ. ಒಂದೈತೆ."

"ನಾನಂತೂ ಅವತ್ತು ನುಂಗಬೇಕಾಗಿತ್ತು," ಎಂದಳು ಮುದುಕಿ, ಮೆಲ್ಲಗೆ. "ಎಮ್ಮೆಗೆ ಹಾಕಬಾರ್ದಿತ್ತು."

ಲತಾಮಣಿ ಅತ್ತೆಯನ್ನು ನೋಡಿದಳು. ಆಮೇಲೆ ತುತ್ತನ್ನು ಸಾರಿನಲ್ಲಿ ಅದ್ದಿ, ಗಂಟಿನ ಸಮೇತ ನುಂಗಿದಳು. ಗಂಟಲಲ್ಲಿ ಸ್ವಲ್ಪ ತಡೆದು ಕೆಳಗಿಳಿಯಿತು.

"ಸಾರಿಗೆ ಉಪ್ಪು ಖಾರ ಚೆನ್ನಾಗಿ ಹಿಡಿದೈತೆ ಭಾನು. ಇನ್ನರ್ಧ ಮುದ್ದೆ ಹಾಕವ್ವ."

ಊಟವಾಗಿ ತಟ್ಟೆ ಎತ್ತುವಾಗ ಭಾನುಪ್ರಿಯ ಗಂಡನಿಗೆ ಹೇಳಿದಳು. "ಆ ಸ್ಟೌ ಹುಳುಮನೆ ತಾವೇ ಇರ್ಲಿ ಬುಡಿ. ಮುಂದಿನ ಬೆಳೆಗೂ ಕೆಂಪಕ್ಕನವರು ಬತ್ತಾರೆ. ಕಾಫಿಗೆ ಬೇಕಾಯ್ತದೆ."

ಅಶ್ವಥ್ ಎರಡನೇ ಮಾತಾಡದೆ ಅದನ್ನು ಎತ್ತಿಕೊಂಡು ಹೋಗಿ ಹುಳುಮನೆ ಪಕ್ಕದ ಅದೇ ಕಲ್ಲಿನ ಮೇಲೆ ಇಟ್ಟ. ಜಗಲಿಯಿಂದ ನೋಡುತ್ತಿದ್ದ ಲತಾಮಣಿಯ ಕತ್ತು ತಾನಾಗಿಯೇ ಒಂದು ಕಡೆ ವಾಲಿತು.

"ಸೊಟ್ಟಗೈತೆ," ಎಂದಳು.

"ಅತ್ತೆ!"

"ಸೊಟ್ಟಗೈತೆ ಅಂದೆ ಕಣವ್ವ. ಸರಿ ಮಾಡ್ತೀನಿ ಅಂದ್ನಾ?"